ಮೂರನೇ ಕಂಬದ ನೆರಳು

ಏಣಿಯಕ್ಕನ ಮುತ್ತಾತ ಸುಣ್ಣ ಬಳಿಯುವವನು. ಊರಿನ ಅರ್ಧ ಗೋಡೆಗಳನ್ನು ಬೆಳ್ಳಗೆ ಮಾಡಿ, ತಾನು ಮಾತ್ರ ಹೊಗೆ ಹಿಡಿದ ಒಂದೇ ಕೋಣೆಯಲ್ಲಿ ಬದುಕಿ ತೀರಿಕೊಂಡ. ಅವನ ಕೈಗೆ ಒಂದು ಹೆಸರಿತ್ತು. ಎಷ್ಟು ಉದ್ದದ ಗೋಡೆಯಾದರೂ ಸರಿ, ಎಲ್ಲಿ ಕೈ ನಿಲ್ಲಿಸಿದ, ಎಲ್ಲಿಂದ ಮತ್ತೆ ಹಿಡಿದ ಅನ್ನುವುದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದರೂ ಸಿಗುತ್ತಿರಲಿಲ್ಲ. ಅವನ ಮಗ, ಅಂದರೆ ಏಣಿಯಕ್ಕನ ತಾತ, ಅಪ್ಪನ ಬ್ರಷ್ಷನ್ನೇ ಎತ್ತಿಕೊಂಡು ಗೋಡೆ ಬಿಟ್ಟು ಬಟ್ಟೆಗೆ ಬಂದ. ನಾಟಕದವರಿಗೆ ಪರದೆ ಬರೆಯುವ ಕೆಲಸ. ಇಪ್ಪತ್ತೆಂಟು ಅಡಿ ಅಗಲದ ಬಟ್ಟೆಯನ್ನು ನೆಲಕ್ಕೆ ಹಾಸಿ, ಉದ್ದನೆಯ ಕೋಲಿಗೆ ಬ್ರಷ್ಷು ಕಟ್ಟಿ, ಬರಿಗಾಲಲ್ಲಿ ಅದರ ಮೇಲೆಯೇ ಓಡಾಡುತ್ತ ಅರಮನೆ ಎಬ್ಬಿಸಿದ, ಕಾಡು ಬೆಳೆಸಿದ, ಒಂದು ಇಡೀ ಬೀದಿಯನ್ನೇ ಕಟ್ಟಿದ. ಇನ್ನು ಅವಳ ಅಪ್ಪನ ಸಾಹಸ ಬೇರೆ. ಒಂದು ವರ್ಷ ಬಿರುಗಾಳಿಗೆ ನಾಟಕಮಂದಿರದ ತಗಡು ಹಾರಿಹೋದಾಗ, ಸುತ್ತಿಟ್ಟ ಬೀದಿ ಪರದೆಯ ಮೇಲೆ ಮೂವರು ನಟರನ್ನು ಸಾಲಾಗಿ ಕೂರಿಸಿ, ತಾನೂ ಕೂತು, ಬೆಳಗಿನಿಂದ ಸಂಜೆಯವರೆಗೆ ಏಳಲಿಲ್ಲ. ತಗಡು ಮೂರು ಬೀದಿ ಆಚೆ ಸಿಕ್ಕಿತು. ಪರದೆ ಕೂತಲ್ಲೇ ಇತ್ತು.

ಆ ಬೀದಿ ಪರದೆಯದೇ ಈ ಕಥೆ.

ತಾತ ಅದನ್ನು ಬರೆದು ಮೊದಲ ಸಲ ನೇತುಹಾಕಿದ ದಿನ ಒಂದು ಅನಾಹುತವಾಗಿತ್ತು. ಬೀದಿಯ ಉದ್ದಕ್ಕೂ ಐದು ದೀಪದ ಕಂಬ. ಎಡಗಡೆಯಿಂದ ಬಿಸಿಲು, ನೆರಳೆಲ್ಲ ಬಲಕ್ಕೆ. ಅದೆಷ್ಟು ನಿಜವಾಗಿತ್ತೆಂದರೆ, ಅಳುವ ದೃಶ್ಯದಲ್ಲಿ ರಾಜನ ಪಾತ್ರದವನು ದುಃಖ ತಡೆಯಲಾರದೆ ಹೋಗಿ ಮೂರನೇ ಕಂಬಕ್ಕೆ ಒರಗಿದ. ಕಂಬ ಬಟ್ಟೆಯದು. ರಾಜ, ಕಿರೀಟ, ಪರದೆ ಎಲ್ಲ ಒಟ್ಟಿಗೆ ಹಿಂದಕ್ಕೆ ಬಿತ್ತು. ಪರದೆಯ ಹಿಂದೆ ಮುಂದಿನ ದೃಶ್ಯದ ದೆವ್ವ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದದ್ದು ಇಡೀ ಊರಿಗೆ ಕಂಡಿತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ರಾಜನ ಮಣಿಕಟ್ಟು ಮುರಿಯಿತು.

ಮಾರನೇ ದಿನ ತಾತ ಏಣಿ ಹತ್ತಿ ಒಂದೇ ಕೆಲಸ ಮಾಡಿದ. ಮೂರನೇ ಕಂಬದ ನೆರಳನ್ನು ಅಳಿಸಿ, ಎಡಕ್ಕೆ, ಅಂದರೆ ಬಿಸಿಲಿನ ಕಡೆಗೇ ಬೀಳುವಂತೆ ಬರೆದ. ಕೂತು ನೋಡುವವರ ಕಣ್ಣಿಗೆ ಅದು ಬೀಳುವುದಿಲ್ಲ. ಪರದೆಯ ಮುಂದೆ ನಿಂತು ಆಡುವವನಿಗೆ ಮಾತ್ರ ಎಲ್ಲೋ ಏನೋ ಸರಿಯಿಲ್ಲ ಅನ್ನಿಸಿ ಎಚ್ಚರವಾಗುತ್ತದೆ, ಇದು ಬಟ್ಟೆ, ಒರಗಬಾರದು ಅಂತ. ಅಲ್ಲಿಂದ ಆ ಮನೆಯ ಕಟ್ಟಳೆಯೇ ಆಯಿತು. ಯಾವ ಪರದೆ ಬರೆದರೂ ಒಂದು ತಪ್ಪು ಬಿಡಬೇಕು. ಬೇಕೆಂದೇ ಬಿಡಬೇಕು, ಒಂದೇ ಬಿಡಬೇಕು. ಎರಡು ಬಿಟ್ಟರೆ ಅದು ಸೋಮಾರಿತನ.

ಈಗ ಏಣಿಯಕ್ಕನಿಗೆ ಅರವತ್ತಮೂರು. ಹನ್ನೆರಡನೇ ವಯಸ್ಸಿಗೆ ಏಣಿ ಹತ್ತಿದವಳು, ಹುಟ್ಟಿನ ಹೆಸರು ಅವಳ ತಮ್ಮನಿಗೂ ತಟ್ಟನೆ ನೆನಪಾಗುವುದಿಲ್ಲ. ಆ ತಮ್ಮ ನಾಟಕ ತಂಡ ನಡೆಸುತ್ತಾನೆ. ಅಕ್ಕ ಬರೆಯುತ್ತಾಳೆ, ತಮ್ಮ ಆಡಿಸುತ್ತಾನೆ, ಇಬ್ಬರೂ ಜಗಳವಾಡುತ್ತಾರೆ. ಹೀಗೆ ನಲವತ್ತು ವರ್ಷ.

ಹಳೆಯ ಮಾಲೀಕರು ಕೈಚೆಲ್ಲಿದ ಮೇಲೆ ನಾಟಕಮಂದಿರ ಸರ್ಕಾರಕ್ಕೆ ಹೋಯಿತು. ಕಲಾಭವನ ಅಂತ ಬೋರ್ಡು ಬಿತ್ತು. ಬೀದಿ ಪರದೆಯನ್ನು ಅಪ್ಪ ಅಲ್ಲೇ ಬಿಟ್ಟ. ಬಿಡುವಾಗ, “ಪರದೆ ನಮ್ಮದು, ಕೊಕ್ಕೆ ನಿಮ್ಮದು” ಅಂತ ಹೇಳಿಯೇ ಬಿಟ್ಟ. ಆದರೆ ಸರ್ಕಾರದ ಕೊಕ್ಕೆಗೆ ಸಿಕ್ಕಿದ ವಸ್ತು ಸುಮ್ಮನೆ ನೇತಾಡುವುದು ಎಲ್ಲಾದರೂ ಉಂಟೇ?

ಮೊದಲು ಬಂದವರಿಗೆ ಪ್ರಗತಿ ಕಾಣಬೇಕಿತ್ತು. ಬೀದಿಯ ಹಿಂದೆ ಒಂದು ಕಾರ್ಖಾನೆಯ ಚಿಮಣಿ, ಒಂದು ಅಣೆಕಟ್ಟು ಬರೆಯಬೇಕೆಂದು ಕಾಗದ ಬಂತು. “ನದಿ ಎಲ್ಲಿ ಬರೀಲಿ?” ಅಂತ ಅಪ್ಪ ಕೇಳಿದ. ನದಿಗೆ ಆದೇಶವಿಲ್ಲ ಅಂದರು. ನದಿಯಿಲ್ಲದ ಅಣೆಕಟ್ಟು ಬಂದು ಬೀದಿಯ ಹಿಂದೆ ದೊಡ್ಡ ಕಾಂಪೌಂಡಿನ ಹಾಗೆ ನಿಂತಿತು. ಅಪ್ಪ ಹೋದ ಮೇಲೆ ಕೋಲು ಏಣಿಯಕ್ಕನ ಕೈಗೆ ಬಂತು, ಅದರ ಜೊತೆಗೆ ಇನ್ನೊಂದು ಸರ್ಕಾರ. ಇವರಿಗೆ ಶುದ್ಧ ಗಾಳಿಯ ಮೇಲೆ ಪ್ರೀತಿ. ಚಿಮಣಿ ಇರಲಿ, ಹೊಗೆ ಬೇಡ, ಬದಲಿಗೆ ಹಕ್ಕಿ ಇರಲಿ ಅಂದರು. ಹೊಗೆ ಅಳಿಸಿ ಅಲ್ಲಿ ಎರಡು ಹಕ್ಕಿ ಹಾರಿಸಿದಳು. ಬೀದಿ ಮೂಲೆಯಲ್ಲಿ ತಾತ ಒಬ್ಬ ಭಿಕ್ಷುಕನನ್ನು ಕೂರಿಸಿದ್ದ. ಅದಕ್ಕೂ ಒಂದು ಕಾಗದ ಬಂತು, ನಮ್ಮಲ್ಲಿ ಭಿಕ್ಷುಕರಿಲ್ಲ ಅಂತ. ಅವನ ಮೇಲೆ ಒಂದು ಅಂಚೆ ಡಬ್ಬಿ ಬರೆದಳು. ಆದರೆ ಆ ಬಣ್ಣದ ಗುಣವೇ ಹಾಗೆ, ಅಡಿಯ ಕಪ್ಪು ಮೇಲಕ್ಕೆ ಊರಿ ಬರುತ್ತದೆ. ಎಷ್ಟು ಸಲ ಬಳಿದರೂ ಭಿಕ್ಷುಕನ ಎಡಗಾಲು ಡಬ್ಬಿಯ ಕೆಳಗೆ ಎದ್ದು ಬಂತು. ಊರಿನವರು ಈಗಲೂ “ಕಾಲಿರೋ ಡಬ್ಬಿ” ಅಂತ ತೋರಿಸಿ ನಗುತ್ತಾರೆ.

ಬಾಗಿಲುಗಳ ಪಾಡು ಕೇಳಲೇಬಾರದು. ಬೀದಿಯಲ್ಲಿ ಹನ್ನೊಂದು ಬಾಗಿಲು, ತಾತ ಒಂದೊಂದಕ್ಕೂ ಒಂದೊಂದು ಬಣ್ಣ ಕೊಟ್ಟಿದ್ದ. ಒಂದು ಸರ್ಕಾರ ಬಂದು ಎಲ್ಲಕ್ಕೂ ತಿಳಿನೇರಳೆ ಹಚ್ಚಿಸಿತು, ಅದು ಅವರ ಬಣ್ಣ. ಅವರನ್ನು ಸೋಲಿಸಿ ಬಂದವರು ಎಲ್ಲಕ್ಕೂ ಬದನೆಕಾಯಿ ಬಣ್ಣ ಹಚ್ಚು ಅಂದರು, ಅದು ಇವರ ಬಣ್ಣ. ಹಚ್ಚಿದಳು. ಅಧಿಕಾರಿಗಳು ಬಂದು ಹಸಿ ಬಣ್ಣ ನೋಡಿ ತಲೆಯಾಡಿಸಿ ಹೋದರು. ಅಂಟಿನಲ್ಲಿ ಕಲಸಿದ ಬಣ್ಣ ಒಣಗಿದ ಮೇಲೆ ತಿಳಿಯಾಗುತ್ತದೆ, ಅದು ಮುತ್ತಾತನ ಕಾಲದಿಂದ ಹಾಗೇ. ಮೂರು ದಿನಕ್ಕೆ ನೋಟೀಸು ಬಂತು: ಬಾಗಿಲುಗಳು ಹಿಂದಿನ ಸರ್ಕಾರದ ಬಣ್ಣವನ್ನು ಹೋಲುತ್ತಿರುವುದು ಗಮನಕ್ಕೆ ಬಂದಿದೆ, ಸೂಕ್ತ ವಿವರಣೆ ನೀಡುವುದು. ಹಸಿಯಲ್ಲಿ ಒಪ್ಪಿಗೆ, ಒಣಗಿದ ಮೇಲೆ ನೋಟೀಸು. ಏಣಿಯಕ್ಕ ವಿವರಣೆಯಲ್ಲಿ ಒಂದೇ ಸಾಲು ಬರೆದಳು: “ಬಿಸಿಲನ್ನು ವಿಚಾರಿಸಿ.”

ತಮ್ಮನ ಪಾಡೂ ಅಷ್ಟರಲ್ಲೇ ಇತ್ತು. ಕಲಾಭವನ ಸಿಗಬೇಕಾದರೆ ನಾಟಕದಲ್ಲಿ ಜನೋಪಯೋಗಿ ಸಂದೇಶ ಇರಬೇಕು. ಕೈ ತೊಳೆಯುವ ಅಭಿಯಾನ ನಡೆದ ವರ್ಷ ಅವನ ನಾಟಕದ ನಾಯಕ ವಿಷ ಕುಡಿಯುವ ಮೊದಲು ಸೋಪು ಹಾಕಿ ಕೈ ತೊಳೆದುಕೊಂಡ. ಜನ ಬಿದ್ದು ಬಿದ್ದು ನಕ್ಕರು. ಸಾಯುವ ದೃಶ್ಯಕ್ಕೆ ಅಷ್ಟು ನಗು ಬಂದದ್ದು ಅದೇ ಮೊದಲು. ಇಲಾಖೆಯವರು ಮಾತ್ರ ನಾಟಕ ಪರಿಣಾಮಕಾರಿಯಾಗಿದೆ ಅಂತ ಬರೆದುಕೊಟ್ಟರು.

ಏಣಿಯಕ್ಕ ಹೇಳಿದ್ದನ್ನೆಲ್ಲ ಮಾಡುತ್ತ ಬಂದಳು ಅಂದರೆ ಅವಳಿಗೆ ಬೆನ್ನುಮೂಳೆ ಇರಲಿಲ್ಲ ಅಂತಲ್ಲ. ಆ ಮಂದಿರ ಮುಚ್ಚಿದರೆ ತಮ್ಮನ ತಂಡ ಬೀದಿಗೆ ಬೀಳುತ್ತದೆ, ನಿಜವಾದ ಬೀದಿಗೆ. ಅದಕ್ಕೆ ಹಲ್ಲು ಕಚ್ಚಿಕೊಂಡು ಬಳಿದಳು. ಬಳಿದೂ ಬಳಿದೂ ಬಟ್ಟೆ ದಪ್ಪಗಾಯಿತು, ಸುತ್ತಿದರೆ ಸಿಪ್ಪೆ ಏಳುತ್ತಿತ್ತು. ತಾತ ಬರೆದದ್ದರಲ್ಲಿ ತಾತನ ಕೈಯಾಗಿಯೇ ಉಳಿದದ್ದು ಮೂರನೇ ಕಂಬದ ನೆರಳು ಒಂದೇ. ಅದು ಯಾವ ಸರ್ಕಾರದ ಕಣ್ಣಿಗೂ ಬಿದ್ದಿರಲಿಲ್ಲ.

ಈ ವರ್ಷ ಬಿತ್ತು.

ತಮ್ಮನ ಹೊಸ ನಾಟಕಕ್ಕೆ ಎರಡು ವಾರವಿತ್ತು. ಅಷ್ಟರಲ್ಲಿ ಕಲಾಭವನಗಳ ಗುಣಮಟ್ಟ ಪರಿಶೀಲಿಸಲು ಐವರ ಸಮಿತಿ ಬಂತು. ಅದರಲ್ಲಿ ಒಬ್ಬ ಕಟ್ಟಡದ ಎಂಜಿನಿಯರು. ಪರದೆಯನ್ನು ಫೋನಿನಲ್ಲಿ ಫೋಟೋ ತೆಗೆದು, ಮನೆಗೆ ಹೋಗಿ ಸ್ಕೇಲು ಹಿಡಿದು ಕೂತನಂತೆ ಪುಣ್ಯಾತ್ಮ. ವರದಿ ಬಂತು: “ಮೂರನೇ ದೀಪದ ಕಂಬದ ನೆರಳು ಪ್ರಕೃತಿ ನಿಯಮಕ್ಕೆ ವಿರುದ್ಧವಾಗಿದ್ದು, ಸಾರ್ವಜನಿಕರಲ್ಲಿ ತಪ್ಪು ತಿಳುವಳಿಕೆ ಮೂಡಿಸುವ ಸಾಧ್ಯತೆ ಇರುತ್ತದೆ. ಏಳು ದಿನಗಳೊಳಗೆ ಸರಿಪಡಿಸತಕ್ಕದ್ದು. ತಪ್ಪಿದಲ್ಲಿ ಕಲಾವಿದರು ಪರದೆಯನ್ನು ಸ್ವಂತ ಜವಾಬ್ದಾರಿಯಲ್ಲಿ ತೆರವುಗೊಳಿಸತಕ್ಕದ್ದು.”

ಏಣಿಯಕ್ಕ ಕಾಗದ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ನೆಟ್ಟಗೆ ಇಲಾಖೆಗೆ ಹೋದಳು. ಸಂಸ್ಕೃತಿ ಅಧಿಕಾರಿ ಕೆಟ್ಟವನಲ್ಲ, ಅದೇ ತೊಂದರೆ. ಕೆಟ್ಟವನಾಗಿದ್ದರೆ ಬೈದು ಬರಬಹುದಿತ್ತು. ಮೂವತ್ತೈದರ ಮನುಷ್ಯ, ಮೇಜಿನ ಮೇಲೆ ಫೈಲುಗಳ ಗುಡ್ಡ, ಗುಡ್ಡದ ಹಿಂದೆ ನಿದ್ದೆಗೆಟ್ಟ ಕಣ್ಣು.

“ಕೂತ್ಕೊಳ್ಳಿ ಅಮ್ಮ. ನೆರಳಿನ ವಿಷಯ ತಾನೆ? ಸಣ್ಣ ಕೆಲಸ.”

“ಸಣ್ಣದು ಅಂತ ನೀವು ಹೇಳ್ತೀರಿ. ಆ ನಿಮ್ಮ ಎಂಜಿನಿಯರಿಗೆ ಅಣೆಕಟ್ಟಿಗೆ ನದಿ ಇಲ್ಲದ್ದು ಕಾಣಲಿಲ್ವಾ ಸಾಹೇಬರೇ?”

ಅಧಿಕಾರಿ ಒಂದು ಫೈಲು ಎಳೆದು ಹಾಳೆ ತಿರುವಿದ. “ಅಣೆಕಟ್ಟಿಗೆ ಆದೇಶ ಇದೆಯಲ್ಲ ಅಮ್ಮ. ನೋಡಿ, ಇಲ್ಲಿ.”

“ಹೊಗೆ ಇಲ್ಲದ ಚಿಮಣಿ?”

“ಅದಕ್ಕೂ ಇದೆ.”

“ಡಬ್ಬಿಗೆ ಕಾಲು ಬಂದಿದೆಯಲ್ಲ?”

ಅವನು ಸ್ವಲ್ಪ ಹುಡುಕಿದ. “ಡಬ್ಬಿಗೆ ಇದೆ. ಕಾಲಿನ ಬಗ್ಗೆ ಫೈಲು ಮೌನವಾಗಿದೆ. ಅದನ್ನ ಎಬ್ಬಿಸೋದು ಬೇಡ ಬಿಡಿ.”

“ಹಾಗಾದ್ರೆ ನೀವು ಮಾಡಿಸಿದ್ದೆಲ್ಲ ಸರಿ, ನಮ್ಮ ತಾತ ಮಾಡಿದ್ದು ಒಂದು ತಪ್ಪು.”

“ಹಾಗಲ್ಲ ಅಮ್ಮ. ಆದೇಶ ಇರೋದು ತಪ್ಪಾಗೋಕೆ ಸಾಧ್ಯ ಇಲ್ಲ. ನಿಮ್ಮ ನೆರಳಿಗೆ ಯಾರ ಆದೇಶ ಇದೆ ಹೇಳಿ?”

“ನಮ್ಮ ತಾತಂದು.”

“ಲಿಖಿತವಾಗಿ ಇದೆಯಾ?”

ಏಣಿಯಕ್ಕ ರಾಜ ಬಿದ್ದ ಕಥೆ, ದೆವ್ವದ ಚಹಾ, ಮುರಿದ ಮಣಿಕಟ್ಟು ಎಲ್ಲ ಬಿಡಿಸಿ ಹೇಳಿದಳು. ಅವನು ಪೆನ್ನು ಕೆಳಗಿಟ್ಟು ಕೇಳಿದ. ದೆವ್ವದ ಜಾಗ ಬಂದಾಗ ನಕ್ಕೂಬಿಟ್ಟ. ಮುಗಿದ ಮೇಲೆ ಮುಖ ಒರೆಸಿಕೊಂಡು, “ಕಥೆ ಚೆನ್ನಾಗಿದೆ ಅಮ್ಮ. ಆದರೆ ಏಳು ದಿನ ಅಂತ ಬರೆದಾಗಿದೆ” ಅಂದ.

ಮನೆಗೆ ಬಂದರೆ ತಮ್ಮ ಬಾಗಿಲಲ್ಲೇ ಕಾದಿದ್ದ. ಕೈಯಲ್ಲಿ ನಾಟಕದ ಹಸ್ತಪ್ರತಿ, ಅದರ ತುಂಬ ಇಲಾಖೆಯ ಕೆಂಪು ಗೆರೆ.

“ಏನಂದ್ರು?”

“ಲಿಖಿತವಾಗಿ ಇದೆಯಾ ಅಂದ್ರು.”

“ಅಕ್ಕ, ಒಂದು ನೆರಳು ತಾನೆ? ಎಡಕ್ಕಿರೋದನ್ನ ಬಲಕ್ಕೆ ಹಾಕು. ಅರ್ಧ ಗಂಟೆ ಕೆಲಸ.”

“ನೀನೂ ಎಂಜಿನಿಯರ್ ಆದೆಯೇನೋ?”

“ನಾನು ಹದಿನಾಲ್ಕು ಜನರನ್ನ ಇಟ್ಟುಕೊಂಡಿದ್ದೀನಿ. ಮೂರು ತಿಂಗಳಿಂದ ಒಂದು ನಾಟಕ ತಾಲೀಮು ಮಾಡಿದ್ದಾರೆ. ನೀನು ಸರಿ ಮಾಡದಿದ್ರೆ ಪರದೆ ಇಳಿಸ್ತಾರೆ, ಆ ಜಾಗಕ್ಕೆ ಫ್ಲೆಕ್ಸ್ ಹಾಕ್ತಾರಂತೆ. ಲೈಟು ಬಿದ್ರೆ ಕನ್ನಡಿ ಥರ ಹೊಳೆಯುತ್ತೆ, ಕಣ್ಣು ಬಿಡೋಕಾಗಲ್ಲ. ಅದರ ಮುಂದೆ ನಿಂತು ಅಳಬೇಕಾ ನಾನು?”

“ಅಳು. ಒರಗಬೇಡ ಅಷ್ಟೇ.”

“ನಿನಗೆ ತಮಾಷೆ” ಅಂದ ತಮ್ಮ. ಹಸ್ತಪ್ರತಿಯನ್ನು ಅವಳ ಮುಂದೆ ಹಿಡಿದ. “ನೋಡು, ಎಷ್ಟು ಕೊಯ್ದಿದ್ದಾರೆ. ಇಡೀ ಎರಡನೇ ಅಂಕ ಹೋಯ್ತು. ನಾನು ತುಟಿ ಪಿಟಕ್ ಅಂದ್ನಾ? ಇಲ್ಲ. ಹೊಲಿಗೆ ಹಾಕ್ಕೊಂಡು ಆಡಿಸ್ತಿದ್ದೀನಿ. ನಾನು ಅಷ್ಟು ಬಿಟ್ಟುಕೊಟ್ರೆ ನಿನಗೆ ಒಂದು ಮೊಳ ನೆರಳು ಬಿಡೋಕಾಗಲ್ವಾ?”

ಅವನು ಹೇಳಿದ್ದು ನಿಜ. ನಿಜವಾದದ್ದಕ್ಕೇ ಅವಳು ಸಿಟ್ಟಿನಿಂದ ಹಸ್ತಪ್ರತಿಯನ್ನು ಪಕ್ಕಕ್ಕೆ ತಳ್ಳಿ ಒಳಗೆ ಹೋದಳು.

ಮಾರನೇ ದಿನ ಬೆಳಿಗ್ಗೆ ಒಲೆಯ ಮೇಲೆ ಅಂಟು ಕಾಯಿಸಿದಳು. ನೆಲದ ಬಣ್ಣಕ್ಕೆ ಸರಿಯಾಗಿ ಪುಡಿ ಕಲಸಿದಳು, ಒಣಗಿದರೆ ತಿಳಿಯಾಗುತ್ತದೆಂದು ಒಂದು ಚಿಟಿಕೆ ಕಪ್ಪು ಹೆಚ್ಚೇ ಹಾಕಿದಳು. ಎಡದ ನೆರಳನ್ನು ಮುಚ್ಚುವುದು, ಬಲಕ್ಕೆ ಹೊಸದು ಎಳೆಯುವುದು, ಇಳಿದು ಬರುವುದು. ಬೇರೇನೂ ಯೋಚಿಸಬಾರದು ಅಂದುಕೊಂಡೇ ಕಲಾಭವನಕ್ಕೆ ಹೋದಳು. ತಮ್ಮ ತಾಲೀಮು ನಿಲ್ಲಿಸಿ ಏಣಿ ಹಿಡಿದುಕೊಂಡ.

ಹತ್ತಿ ನಿಂತಳು. ಪರದೆ ದೂರದಿಂದ ನೋಡುವ ವಸ್ತು. ಮೂಗು ತಾಗುವಷ್ಟು ಹತ್ತಿರದಲ್ಲಿ ಅದು ಬರೀ ಮಚ್ಚೆ, ಬರೀ ಗೀಟು. ಆದರೆ ಸುತ್ತಲಿನ ಮಚ್ಚೆಗಳೇ ಬೇರೆ, ಈ ನೆರಳೇ ಬೇರೆ. ಬಾಗಿಲಿನ ಮೇಲೆ ಆರು ಪದರ, ಒಡೆದ ಗದ್ದೆಯ ಹಾಗೆ ಬಿರುಕು. ಗೋಡೆಯ ಮೇಲೆ ನಾಲ್ಕು ಪದರ. ನೆರಳಿದ್ದ ಕಡೆ ಮಾತ್ರ ಬಣ್ಣ ತೆಳ್ಳಗೆ ಇತ್ತು, ಅದರ ಕೆಳಗೆ ಬಟ್ಟೆಯ ಎಳೆ ಎಣಿಸಬಹುದಿತ್ತು. ಒಂದೇ ಉಸಿರಿಗೆ ಎಳೆದ ಗೀಟು, ಎಲ್ಲೂ ನಿಂತಿಲ್ಲ, ಎಲ್ಲೂ ಮತ್ತೆ ಹಿಡಿದಿಲ್ಲ. ಮುತ್ತಾತನ ಕೈ ತಾತನಿಗೆ ಬಂದದ್ದು ಅಲ್ಲಿ ಕಾಣುತ್ತಿತ್ತು. ಏಣಿಯಕ್ಕ ತನ್ನ ಜೀವಮಾನದಲ್ಲಿ ಆ ಪರದೆಯ ಮೇಲೆ ಬಳಿದದ್ದೆಲ್ಲ ಬೇರೆಯವರು ಹೇಳಿ ಬಳಿಸಿದ್ದು. ಅದರ ಮೇಲೆ ತನ್ನದು ಅಂತ ತೋರಿಸಲು ಒಂದು ಬೆರಳಗಲ ಜಾಗವಿರಲಿಲ್ಲ. ತಾತನಿಗೆ ಇಷ್ಟಾದರೂ ಇತ್ತು.

ಬ್ರಷ್ಷು ಅದ್ದಿದಳು. ಎತ್ತಿದಳು. ಬಣ್ಣ ತೊಟ್ಟಿಕ್ಕಿ ಕೆಳಗಿದ್ದ ತಮ್ಮನ ಹಣೆಯ ಮೇಲೆ ಬಿತ್ತು.

“ಏನಾಯ್ತಕ್ಕ?”

“ಆಗಲ್ಲ ಕಣೋ.”

“ಕೈ ನೋವಾ?”

“ಕೈ ಚೆನ್ನಾಗಿದೆ. ಅದಕ್ಕೇ ಆಗಲ್ಲ.”

ಇಳಿದು ಬಂದಳು. ತಮ್ಮ ಹಣೆ ಒರೆಸಿಕೊಳ್ಳುತ್ತ ಮೂರು ಮಾತು ಬೈದ, ಅವಳು ಎರಡು ಬೈದಳು. ನಟರು ಪರದೆಯ ಎರಡೂ ಕಡೆಯಿಂದ ಇಣುಕಿ ನೋಡಿ ಮತ್ತೆ ಒಳಗೆ ಹೋದರು. ಕಲಸಿದ ಬಣ್ಣ ಡಬ್ಬಿಯಲ್ಲೇ ಗಟ್ಟಿಯಾಯಿತು.

ಏಳನೇ ದಿನ ಮಧ್ಯಾಹ್ನ ಪರದೆ ಇಳಿಸಿದಳು. ಒಬ್ಬರಿಂದ ಆಗುವ ಕೆಲಸವಲ್ಲ ಅದು. ಕೆಳಗಿನ ಬಿದಿರಿಗೆ ಒಂದೊಂದೇ ಸುತ್ತು ಸುತ್ತುತ್ತ ಬರಬೇಕು, ಒಂದು ತುದಿ ಮುಂದೆ ಹೋದರೆ ಬಟ್ಟೆ ಸೊಟ್ಟಗಾಗಿ ಹರಿಯುತ್ತದೆ. ಅವಳು ಒಂದು ತುದಿ ಹಿಡಿದಳು. ಸ್ವಲ್ಪ ಹೊತ್ತಿಗೆ ಇನ್ನೊಂದು ತುದಿ ತಾನಾಗಿ ಮೇಲೆದ್ದಿತು. ನೋಡಿದರೆ ತಮ್ಮ. ಮುಖ ಊದಿಸಿಕೊಂಡೇ ಸುತ್ತುತ್ತಿದ್ದ.

“ನನ್ನ ನಾಟಕ ಫ್ಲೆಕ್ಸ್ ಮುಂದೆಯೇ ಆಗೋದು” ಅಂದ. “ನಿನ್ನ ಹಾಗೆ ಹಟ ಮಾಡೋಕೆ ನನಗೆ ಆಗಲ್ಲ.”

“ನಾನು ಮಾಡು ಅಂದ್ನಾ?”

“ಬಂದು ನೋಡ್ತೀಯಾ?”

“ಬರ್ತೀನಿ. ಕಪ್ಪು ಕನ್ನಡಕ ಹಾಕ್ಕೊಂಡು ಬರ್ತೀನಿ.”

ಅವನಿಗೆ ನಗು ಬಂತು, ತೋರಿಸಿಕೊಳ್ಳಲಿಲ್ಲ. ಅಷ್ಟರಲ್ಲಿ ಸಂಸ್ಕೃತಿ ಅಧಿಕಾರಿ ಏದುಸಿರು ಬಿಡುತ್ತ ಒಳಗೆ ಬಂದ. ಕೈಯಲ್ಲಿ ಒಂದು ಟೈಪು ಮಾಡಿದ ಹಾಳೆ.

“ಅಮ್ಮ, ನಿಲ್ಲಿಸಿ. ದಾರಿ ಸಿಕ್ಕಿತು.” ಹಾಳೆಯನ್ನು ಬಿದಿರಿನ ಮೇಲೆಯೇ ಹರಡಿದ. “ಮೂರು ದಿನ ಓಡಾಡಿದೆ. ಮೇಲಿನವರನ್ನೂ ಒಪ್ಪಿಸಿದೆ. ಇದನ್ನ ಪಾರಂಪರಿಕ ದೋಷ ಅಂತ ಮಂಜೂರು ಮಾಡ್ತಾರೆ. ನೆರಳು ಹಾಗೇ ಇರುತ್ತೆ, ಪರದೆ ಇಲ್ಲೇ ಇರುತ್ತೆ, ನಿಮ್ಮ ತಮ್ಮನ ನಾಟಕ ಇದರ ಮುಂದೆಯೇ ನಡೆಯುತ್ತೆ. ನೀವು ಒಂದು ಸಹಿ ಹಾಕಿದ್ರೆ ಸಾಕು.”

ತಮ್ಮ ಬಿದಿರನ್ನು ಕೆಳಗಿಟ್ಟ. ಅಕ್ಕನ ಮುಖ ನೋಡಿದ.

ಏಣಿಯಕ್ಕ ಹಾಳೆಯನ್ನು ದೂರ ಹಿಡಿದು ಓದಿದಳು. ದೋಷದ ಪಕ್ಕದಲ್ಲಿ, ಇದು ಅನುಮೋದಿತ ದೋಷವೆಂದು ಸಾರ್ವಜನಿಕರಿಗೆ ತಿಳಿಸುವ ಫಲಕ ಹಾಕತಕ್ಕದ್ದು. ದೋಷದ ಉದ್ದ ಅಗಲವನ್ನು ನಮೂದಿಸತಕ್ಕದ್ದು. ಪ್ರತಿ ವರ್ಷ ದೋಷವು ಸುಸ್ಥಿತಿಯಲ್ಲಿದೆಯೇ ಎಂದು ಸಮಿತಿಯು ಪರಿಶೀಲಿಸತಕ್ಕದ್ದು. ಎಲ್ಲ ಕಲಾಭವನಗಳ ಪರದೆಗಳಲ್ಲಿ ಏಕರೂಪದ ದೋಷ ಅಳವಡಿಸುವ ಬಗ್ಗೆ ಮುಂದೆ ಕ್ರಮ ವಹಿಸಲಾಗುವುದು.

ಅವಳಿಗೆ ಒಂದು ಕ್ಷಣ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಎದುರಿಗೆ ನಿಂತವನ ಅಂಗಿ ಬೆವರಿಗೆ ಬೆನ್ನಿಗೆ ಅಂಟಿದ್ದು ಕಂಡು ಸುಮ್ಮನಾದಳು. ನಿಜವಾಗಿಯೂ ಓಡಾಡಿದ್ದ ಪಾಪ. ಹಾಳೆಯನ್ನು ನಾಲ್ಕಾಗಿ ಮಡಚಿ ಅವನ ಕಿಸೆಗೇ ಇಟ್ಟಳು.

“ಯಾಕಮ್ಮ? ಇನ್ನೇನು ಬೇಕು ನಿಮಗೆ? ಸಹಾಯ ಮಾಡೋಕೆ ತಾನೆ ಬಂದಿರೋದು ನಾನು.”

ಏಣಿಯಕ್ಕ ಬಗ್ಗಿ ಬಿದಿರಿನ ತನ್ನ ತುದಿಯನ್ನು ಹೆಗಲಿಗೇರಿಸಿದಳು. ಆ ಕಡೆಯಿಂದ ತಮ್ಮನೂ ಏರಿಸಿದ.

“ಬೇಡ ಸಾಹೇಬರೇ. ನೀವು ಒಳ್ಳೆಯವರು, ಹೋಗಿ ಒಂದು ಲೋಟ ನೀರು ಕುಡೀರಿ. ಇಷ್ಟು ವರ್ಷ ಈ ನೆರಳು ಉಳಿದದ್ದು ನಿಮ್ಮ ಯಾವ ಫೈಲಿನಲ್ಲೂ ಇದರ ಸುದ್ದಿ ಇಲ್ಲದ್ದಕ್ಕೆ. ಇವತ್ತು ನೀವು ಇದು ಇರಲಿ ಅಂತ ಬರೆದ್ರೆ, ನಾಳೆ ಬರೋರು ಇನ್ನೂ ಸ್ವಲ್ಪ ಉದ್ದ ಇರಲಿ ಅಂತಾರೆ, ನಾಡಿದ್ದು ಬರೋರು ಐದೂ ಕಂಬಕ್ಕೆ ಹಾಗೇ ಹಾಕು ಅಂತಾರೆ. ಆಮೇಲೆ ನಮ್ಮವರು ಯಾವ ಕಂಬ ನೋಡಿ ಇದು ಬಟ್ಟೆ ಅಂತ ಎಚ್ಚರ ಆಗಬೇಕು? ನೀವು ಸರಿ ಮಾಡಿಸಿದ್ದನ್ನೆಲ್ಲ ನಾನು ಬಳಿದುಕೊಟ್ಟೆ. ಈ ತಪ್ಪೊಂದು ನಮ್ಮ ಮನೇದು. ಇದನ್ನ ನಾವೇ ಹೊತ್ಕೊಂಡು ಹೋಗ್ತೀವಿ, ದಾರಿ ಬಿಡಿ.”